ಬೈಬಲಿನ ಅರ್ಥ ಹೇಳುವ ಅಧಿಕಾರ: ಕಥೋಲಿಕ ಧರ್ಮಸಭೆ ಮತ್ತು ಸ್ವಂತ ಓದು

ಬೈಬಲಿನ ಒಂದು ವಾಕ್ಯಕ್ಕೆ ಅರ್ಥ ಇಂಥದ್ದೇ ಎಂದು ಕೊನೆಯ ಮಾತು ಹೇಳುವವರು ಯಾರು? ಓದುವವನೋ, ಅವನು ಸೇರಿದ ಸಭೆಯೋ? ಪಶ್ಚಿಮದ ಕ್ರೈಸ್ತರು 16ನೇ ಶತಮಾನದಲ್ಲಿ ಎರಡು ಹೋಳಾದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ದೇವರ ವಾಕ್ಯ ಬರಹದಲ್ಲಿಯೂ ಇದೆ, ಅಪೊಸ್ತಲರಿಂದ ಹರಿದುಬಂದ ಪರಂಪರೆಯಲ್ಲಿಯೂ ಇದೆ, ಎರಡನ್ನೂ ಅಧಿಕೃತವಾಗಿ ವಿವರಿಸುವ ಹೊಣೆ ಪೋಪ್ ಮತ್ತು ಅವರೊಡನೆ ಒಂದಾಗಿರುವ ಧರ್ಮಾಧ್ಯಕ್ಷರದು ಎಂಬುದು ಕಥೋಲಿಕರ ನಂಬಿಕೆ. ರಕ್ಷಣೆಗೆ ಬೇಕಾದದ್ದೆಲ್ಲ ಗ್ರಂಥದಲ್ಲೇ ಇದೆ, ಪವಿತ್ರಾತ್ಮನ ನೆರವಿನಿಂದ ಸಾಮಾನ್ಯ ವಿಶ್ವಾಸಿಯೂ ಅದನ್ನು ತಿಳಿಯಬಲ್ಲ ಎಂಬುದು ಪ್ರೊಟೆಸ್ಟಂಟರ ವಾದ. ಗ್ರಂಥದ ವ್ಯಾಪ್ತಿಯ ಬಗ್ಗೆಯೂ ಇಬ್ಬರಿಗೂ ಒಮ್ಮತವಿಲ್ಲ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟಂಟರದರಲ್ಲಿ 66. ತೋಬಿತ, ಯೂದಿತ್, ಮಕ್ಕಬಿಯರು ಮೊದಲಾದ ಏಳು ಪುಸ್ತಕಗಳನ್ನು ಒಳಗೆ ಸೇರಿಸಬೇಕೋ ಹೊರಗಿಡಬೇಕೋ ಎಂದು ತೀರ್ಮಾನಿಸಿದವರು ಯಾರು ಎಂದು ಕೇಳಿದರೂ ಮಾತು ಮತ್ತೆ ಅಧಿಕಾರಕ್ಕೇ ಬಂದು ನಿಲ್ಲುತ್ತದೆ.

ಕನ್ನಡ ನಾಡಿನಲ್ಲಿ ಈ ವಾದ ಬೇರು ಬಿಟ್ಟ ಊರುಗಳಲ್ಲಿ ಬಳ್ಳಾರಿ ಮುಖ್ಯವಾದದ್ದು. ಇಡೀ ಬೈಬಲ್ ಮೊದಲ ಬಾರಿಗೆ ಕನ್ನಡಕ್ಕೆ ಬಂದದ್ದು ಇಲ್ಲಿನ ಪ್ರೊಟೆಸ್ಟಂಟ್ ಮಿಷನರಿಗಳ ಕೈಯಿಂದ. ಮುಂದೆ 1949ರಲ್ಲಿ ಇದೇ ಊರು ಕಥೋಲಿಕ ಧರ್ಮಕ್ಷೇತ್ರವೊಂದರ ಕೇಂದ್ರವೂ ಆಯಿತು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ತುಂಗಭದ್ರೆಯ ಬದಿಯ ದೇಶನೂರು, ಹೊಳೆಯಾಚೆಯ ರಾಯಚೂರು, ಕೊಪ್ಪಳ ಸೀಮೆಗಳು ಈ ಧರ್ಮಕ್ಷೇತ್ರದ ವ್ಯಾಪ್ತಿಯವು. ಮೊದಲ ಧರ್ಮಾಧ್ಯಕ್ಷ ಜಾನ್ ಫಾರೆಸ್ಟ್ ಹೋಗನ್ ಫ್ರಾನ್ಸಿಸ್ಕನ್ ಸಂನ್ಯಾಸಿ. ಆದರೆ ಈ ಭಾಗದ ಕಥೋಲಿಕ ಚರಿತ್ರೆ 1949ಕ್ಕಿಂತ ಬಹಳ ಹಳೆಯದು. ಮುದಗಲ್ಲಿನ ಕಥೋಲಿಕ ಸಮುದಾಯ ಬಿಜಾಪುರದ ಆದಿಲಶಾಹಿಗಳ ಕಾಲದಿಂದ ಬಂದದ್ದು.

ನಿಯಮ ಬೆಳೆದ ಬಗೆ

1521ರಲ್ಲಿ ವರ್ಮ್ಸ್ ನಗರದ ರಾಜಸಭೆಯಲ್ಲಿ ಮಾರ್ಟಿನ್ ಲೂಥರ್, ಗ್ರಂಥದಿಂದಲೋ ಸ್ಪಷ್ಟ ತರ್ಕದಿಂದಲೋ ತೋರಿಸಿಕೊಟ್ಟ ಹೊರತು ತನ್ನ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದ. ಇದಕ್ಕೆ ರೋಮಿನ ಉತ್ತರ ಬಂದದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ. ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಹೊರಡಿಸಿದ ಆಜ್ಞೆಯ ಪ್ರಕಾರ, ನಂಬಿಕೆ ಮತ್ತು ನಡತೆಗೆ ಸಂಬಂಧಿಸಿದ ವಿಷಯದಲ್ಲಿ ಯಾರೂ ತಮ್ಮ ಸ್ವಂತ ಬುದ್ಧಿಯನ್ನೇ ನೆಚ್ಚಿಕೊಂಡು, ಮಾತೃಸಭೆ ಹಿಡಿದುಕೊಂಡು ಬಂದ ಅರ್ಥಕ್ಕೆ ವಿರುದ್ಧವಾಗಿ ಗ್ರಂಥವನ್ನು ತಿರುಚಕೂಡದು. ಆಜ್ಞೆ ನಿಷೇಧಿಸಿದ್ದು ಸಭೆಯ ಅರ್ಥಕ್ಕೆ ವಿರುದ್ಧವಾದ ವಿವರಣೆಯನ್ನು, ಓದನ್ನಲ್ಲ ಎಂದು ಕಥೋಲಿಕ ಪಂಡಿತರು ಹೇಳುತ್ತ ಬಂದಿದ್ದಾರೆ. ಆಜ್ಞೆಯ ಮಾತನ್ನಷ್ಟೇ ನೋಡಿದರೆ ಅದು ಸರಿ. ಆದರೆ 1564ರ ನಿಷಿದ್ಧ ಗ್ರಂಥಗಳ ಪಟ್ಟಿಯ ನಾಲ್ಕನೆಯ ನಿಯಮವನ್ನು ಪಕ್ಕದಲ್ಲಿಟ್ಟರೆ ಈ ಸಮಾಧಾನ ಉಳಿಯುವುದಿಲ್ಲ. ಆಡುಭಾಷೆಯ ಬೈಬಲನ್ನು ಓದಬೇಕೆಂದವನು ಗುರುಗಳ ಅಥವಾ ಪಾಪನಿವೇದನೆ ಕೇಳುವ ಪಾದ್ರಿಯ ಸಲಹೆಯ ಮೇರೆಗೆ ಧರ್ಮಾಧ್ಯಕ್ಷರಿಂದ ಲಿಖಿತ ಅನುಮತಿ ಪಡೆಯಬೇಕಿತ್ತು. ಸ್ವಂತ ಓದಿನ ಮೇಲೆ ಇದ್ದ ಗುಮಾನಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1757ರಲ್ಲಿ, ಪೋಪ್ 14ನೇ ಬೆನೆಡಿಕ್ಟರ ಕಾಲದಲ್ಲಿ, ಬಿಗಿ ಸ್ವಲ್ಪ ಸಡಿಲವಾಯಿತು. ರೋಮಿನ ಒಪ್ಪಿಗೆ ಪಡೆದ, ಇಲ್ಲವೆ ಸಭಾಪಿತೃಗಳಿಂದಲೂ ಕಥೋಲಿಕ ವಿದ್ವಾಂಸರಿಂದಲೂ ಆಯ್ದ ಟಿಪ್ಪಣಿಗಳಿರುವ ಅನುವಾದಗಳನ್ನು ಓದಬಹುದು ಎಂದಾಯಿತು. ಟಿಪ್ಪಣಿಯ ಈ ಷರತ್ತು ನೋಡಲು ಸಣ್ಣದು. ಆದರೆ 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿಯ ಮೂಲ ನಿಯಮ ಇದಕ್ಕೆ ನೇರ ವಿರುದ್ಧವಾಗಿತ್ತು: ಗ್ರಂಥವನ್ನು ಟಿಪ್ಪಣಿಯೂ ವ್ಯಾಖ್ಯಾನವೂ ಇಲ್ಲದೆ ಹಂಚಬೇಕು. ಬೇರೆ ಬೇರೆ ಪ್ರೊಟೆಸ್ಟಂಟ್ ಪಂಥಗಳು ಒಂದೇ ಸಂಸ್ಥೆಯಲ್ಲಿ ಜಗಳವಾಡದೆ ಕೆಲಸ ಮಾಡಲು ಅದೊಂದೇ ದಾರಿ. ಹೀಗೆ ಪುಟದ ಅಡಿಯಲ್ಲಿ ನಾಲ್ಕು ಸಾಲು ಇರಬೇಕೋ ಬೇಡವೋ ಎಂಬುದರಲ್ಲೇ ಎರಡು ಪಕ್ಷಗಳ ಇಡೀ ತಕರಾರು ಅಡಗಿತ್ತು. ಪೋಪ್ 12ನೇ ಲಿಯೊ 1824ರಲ್ಲಿ, 16ನೇ ಗ್ರೆಗರಿ 1844ರಲ್ಲಿ ಬೈಬಲ್ ಸೊಸೈಟಿಗಳನ್ನು ಹೆಸರೆತ್ತಿ ಖಂಡಿಸಿದರು.

ಬಳ್ಳಾರಿಯ ಬೈಬಲ್

ಮದರಾಸು ಸರ್ಕಾರದ ಕೈಗೆ 1800ರಲ್ಲಿ ಬಂದ ದತ್ತಮಂಡಲದ ಬಳ್ಳಾರಿಗೆ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಕಾಲಿಟ್ಟದ್ದು 1810ರಲ್ಲಿ. ಕನ್ನಡ ಕಲಿಯುತ್ತಲೇ ಅನುವಾದಕ್ಕೂ ಕೈ ಹಾಕಿದ. ವಿಲಿಯಂ ರೀವ್ ಜೊತೆಗೂಡಿದ. ಕನ್ನಡ ನಿಘಂಟುಕಾರರ ಸಾಲಿನಲ್ಲಿ ಕಿಟ್ಟೆಲ್‌ಗಿಂತ ಎರಡು ತಲೆಮಾರು ಮೊದಲು ಬರುವ ರೀವ್ ಈತನೇ. ಬಿಡಿ ಬಿಡಿಯಾಗಿ ಸುವಾರ್ತೆಗಳು ಬಂದು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಗಿತ್ತು. ಇದಕ್ಕೆ ದುಡಿದ ಊರಿನ ಪಂಡಿತರ ಹೆಸರು ಮುಖಪುಟ ಏರಲಿಲ್ಲ. ಆ ಕಾಲದ ಅನುವಾದಗಳೆಲ್ಲದರ ಹಣೆಬರಹವೂ ಅಷ್ಟೆ. ಬಳ್ಳಾರಿಯಲ್ಲಿ ಅಚ್ಚುಮೊಳೆಯ ಮುದ್ರಣಾಲಯವೂ ನೆಲೆಗೊಂಡಿತು. ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡುತ್ತಿದ್ದ ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ 1844ರಲ್ಲಿ ‘ಕನ್ನಡ ಸಮಾಚಾರ’ವಾಗಿ ಬಳ್ಳಾರಿಗೆ ಬಂದದ್ದು ಇದೇ ಸೌಕರ್ಯವನ್ನು ನೆಚ್ಚಿ.

ಸ್ವಂತ ಓದಿನ ಶಕ್ತಿಗೆ ಬಳ್ಳಾರಿಯ ಮಿಷನ್ ತೋರಿಸುತ್ತಿದ್ದ ಉದಾಹರಣೆಯೂ ಅದರೊಳಗೇ ಇತ್ತು. ಅಲ್ಲಿನ ತಮಿಳು ಸಭೆಯ ಪಾಲಕ ಸ್ಯಾಮ್ಯುಯೆಲ್ ಫ್ಲೇವಲ್ ಹುಟ್ಟಿನಿಂದ ಹಿಂದೂ, ಮೊದಲ ಹೆಸರು ಶಂಕರಲಿಂಗಂ. ತಮಿಳಿನ ಹೊಸ ಒಡಂಬಡಿಕೆಯ ಪ್ರತಿಯೊಂದು ಸಿಕ್ಕಿ, ಅದನ್ನು ಓದಿ ಕ್ರೈಸ್ತನಾದವನು. ಟಿಪ್ಪಣಿಯಿಲ್ಲದ ಪುಸ್ತಕ ಒಬ್ಬನನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಮಿಷನರಿಗಳಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಆತ 1847ರಲ್ಲಿ ತೀರಿಕೊಂಡ.

ಲಂಡನ್ ಮಿಷನರಿ ಸೊಸೈಟಿ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. 1796ರಲ್ಲಿ ಅದು ಒಪ್ಪಿಕೊಂಡ ಮೂಲತತ್ತ್ವದ ಪ್ರಕಾರ ಯಾವ ಪಂಥದ ಸಭಾಪದ್ಧತಿಯನ್ನೂ ಹೊಸ ಕ್ರೈಸ್ತರ ಮೇಲೆ ಹೇರುವಂತಿಲ್ಲ. ವಾಕ್ಯವನ್ನು ಓದಿ ತಮಗೆ ಸರಿಕಂಡ ಪದ್ಧತಿಯನ್ನು ಅವರೇ ಆರಿಸಿಕೊಳ್ಳಬೇಕು. ಕಾಗದದ ಮೇಲೆ ಇಷ್ಟು ಉದಾರವಾದ ಮಾತು ಮಿಷನ್‌ಗಳ ಚರಿತ್ರೆಯಲ್ಲಿ ಅಪರೂಪ. ನಡೆದದ್ದು ಬೇರೆ. ಅನುವಾದದ ಪ್ರತಿಯೊಂದು ಪದಕ್ಕೂ ಸಮಿತಿಯ ಒಪ್ಪಿಗೆ ಬೇಕಿತ್ತು. ಹ್ಯಾಂಡ್ಸ್ ಮತ್ತು ರೀವರ ಪಾಠವನ್ನು 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ತಿದ್ದಿದರು. ಮುಂದೆ ಅದೂ ಪರಿಷ್ಕರಣೆಗೆ ಒಳಗಾಯಿತು. ಸೊಸೈಟಿಯ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಐಕ್ಯಸಭೆಯಲ್ಲೂ 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲೂ ಸೇರಿಹೋದವು. ಈ ಕೊನೆಯ ಸಭೆಗೆ ಬಿಷಪ್ಪರಿದ್ದಾರೆ, ವಿಶ್ವಾಸಪ್ರಮಾಣವಿದೆ, ಸಿನಡ್ ಇದೆ. ರೋಮಿನ ಅಧಿಕಾರ ಬೇಡವೆಂದವರು ಅಧಿಕಾರವೇ ಬೇಡ ಎನ್ನಲಿಲ್ಲ. ಅದನ್ನು ಒಬ್ಬರ ಕೈಯಿಂದ ಕಿತ್ತು ಸಮಿತಿಗೆ ಕೊಟ್ಟರು, ಅಷ್ಟೆ.

ದೊಡ್ಡಸ್ವಾಮಿಯವರ ಆಕ್ಷೇಪ

ಕಥೋಲಿಕರ ಕಡೆಯಿಂದ ಕನ್ನಡ ಬೈಬಲಿಗೆ ಬಂದ ಅತಿ ಕಟುವಾದ ವಿರೋಧ ಮೈಸೂರಿನದು. ಪ್ಯಾರಿಸ್ ವಿದೇಶಿ ಮಿಷನ್ನಿನ ಪಾದ್ರಿ ಅಬ್ಬೆ ದ್ಯುಬುವಾ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆಯ ಕಥೋಲಿಕರ ನಡುವೆ ನೆಲೆಸಿ, ಇಲ್ಲಿನವರಂತೆ ಉಡುಪು ತೊಟ್ಟು, ಮಾಂಸ ಬಿಟ್ಟು ಬದುಕಿದವರು. ಮೂರು ದಶಕ ಇಲ್ಲಿದ್ದು 1823ರಲ್ಲಿ ಊರಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ, ಅದಕ್ಕಾಗಿ ಬೈಬಲನ್ನು ದೇಶಭಾಷೆಗಳಲ್ಲಿ ಹಂಚುವುದು ಇನ್ನೂ ಕೆಡಿಸುವ ಕೆಲಸ ಎಂಬುದು ಅವುಗಳ ತಿರುಳು. ಆದಿಕಾಂಡದ ಮೊದಲ ಅಧ್ಯಾಯದ ಕನ್ನಡ ಅನುವಾದವನ್ನು ಎತ್ತಿಕೊಂಡು, ಅದನ್ನು ಅಕ್ಷರಶಃ ಇಂಗ್ಲಿಷಿಗೆ ಮರಳಿಸಿ, ಎಷ್ಟು ಒರಟಾಗಿದೆ ನೋಡಿ ಎಂದು ಇಂಗ್ಲೆಂಡಿನ ಓದುಗರ ಮುಂದೆ ಹಿಡಿದರು. ಯಾವ ಅನುವಾದವೂ ಈ ಪರೀಕ್ಷೆಯಲ್ಲಿ ಪಾಸಾಗದು. ದ್ಯುಬುವಾ ಅವರದು ಇಲ್ಲಿ ನ್ಯಾಯದ ವಾದವಲ್ಲ.

ಆದರೆ ಅವರು ಹೇಳುವ ಒಂದು ಪ್ರಸಂಗವನ್ನು ಹಾಗೆ ತಳ್ಳಿಹಾಕಲಾಗದು. ಒಮ್ಮೆ ಅವರು ದೇವಾಲಯದಲ್ಲಿ ತಪ್ಪಿಹೋದ ಮಗನ ಸಾಮತಿಯನ್ನು ವಿವರಿಸುತ್ತ, ಮಗ ಮನೆಗೆ ಮರಳಿದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕಡಿಸಿದ ಸಂಗತಿಯನ್ನು ಇದ್ದ ಹಾಗೆಯೇ ಹೇಳಿದರು. ಪ್ರಸಂಗ ಮುಗಿದ ಮೇಲೆ ಸಭೆಯ ಕೆಲವರು ಬಂದು ಅವರನ್ನು ಕಂಡರು. ಬಂದವರು ಕ್ರೈಸ್ತರೇ. ಕರುವಿನ ಮಾತು ಆಡಬಾರದಿತ್ತು ಎಂದರು. ಹಿಂದೂಗಳು ಯಾರಾದರೂ ಕೇಳಿಸಿಕೊಂಡಿದ್ದರೆ ನಮ್ಮ ಗುರುಗಳನ್ನು ಹೊಲೆಯರೆಂದೇ ತಿಳಿಯುತ್ತಿದ್ದರು, ಮುಂದಿನ ಸಲ ಈ ಕತೆ ಹೇಳಬೇಕಾಗಿ ಬಂದರೆ ಕರುವಿನ ಜಾಗದಲ್ಲಿ ಕುರಿಮರಿಯನ್ನು ಹಾಕಿ ಎಂದು ಸಲಹೆ ಕೊಟ್ಟರು. ಬಾಯಿಮಾತಿನಲ್ಲಿ ಹೇಳುವ ಗುರು ಕರುವನ್ನು ಕುರಿಮರಿ ಮಾಡಬಹುದು, ಪುಸ್ತಕ ಮಾಡಲಾರದು. ಟಿಪ್ಪಣಿಯೂ ಇಲ್ಲದ ಪುಸ್ತಕ ಆ ಊಟದ ಹಿಂದಿನ ಯೆಹೂದ್ಯ ರೂಢಿಯನ್ನಾದರೂ ತಿಳಿಸಲಾರದು. ದ್ಯುಬುವಾ ಅವರ ವಾದ ಇಷ್ಟು. ಇದರೊಳಗೆ ಅವರು ಕಾಣದ ಒಂದು ಸಂಗತಿಯೂ ಇದೆ. ಗುರುಗಳಿಗೆ ಬುದ್ಧಿ ಹೇಳಲು ಬಂದವರು ಸಭೆಯ ಸಾಮಾನ್ಯ ಜನ. ಯಾವುದನ್ನು ಹೇಗೆ ಹೇಳಬೇಕು ಎಂಬ ತೀರ್ಪು ಕೊಟ್ಟವರು ಅವರೇ. ಕೆಳಜಾತಿಯವರೆನಿಸಿಕೊಳ್ಳುವ ಭಯವೂ ಆ ತೀರ್ಪಿನಲ್ಲಿ ಬೆರೆತಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಪ್ರೊಟೆಸ್ಟಂಟರು ಸುಮ್ಮನಿರಲಿಲ್ಲ. 1824ರಲ್ಲೇ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್‌ಲಿ ಎಂಬವರ ಎರಡು ಪ್ರತ್ಯುತ್ತರ ಗ್ರಂಥಗಳು ಲಂಡನ್ನಿನಲ್ಲಿ ಹೊರಬಂದವು.

ಓದಿನ ಬದಲು ಕೇಳಿಕೆ

ಹಾಗಾದರೆ ಆ ಕಾಲದ ಕನ್ನಡ ನಾಡಿನ ಕಥೋಲಿಕರಿಗೆ ಬೈಬಲಿನ ಕತೆಗಳು ಗೊತ್ತೇ ಇರಲಿಲ್ಲವೆ? ಇದ್ದವು, ಪುಸ್ತಕದ ಮೂಲಕ ಅಲ್ಲ. ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ 1616ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ‘ಕ್ರಿಸ್ತಪುರಾಣ’ ಮರಾಠಿ ಓವಿಗಳಲ್ಲಿ ಆದಿಯಿಂದ ಕ್ರಿಸ್ತನವರೆಗಿನ ಕತೆ ಹೇಳುತ್ತದೆ. ಗೋವೆಯಿಂದ ಕೆನರಾಕ್ಕೆ ಬಂದ ಕೊಂಕಣಿ ಕಥೋಲಿಕರು ಅದನ್ನು ಜೊತೆಗೇ ತಂದರು, ಮನೆಗಳಲ್ಲಿ ರಾಗವಾಗಿ ಓದಿಸಿ ಕೇಳಿದರು. 1907ರಲ್ಲಿ ಜೋಸೆಫ್ ಸಲ್ಡಾನ್ಹಾ ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚು ಮಾಡಿಸಿದರು. ಹಳೆ ಮೈಸೂರಿನಲ್ಲಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿ ಕನ್ನಡದಲ್ಲಿ ಧರ್ಮೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ಬರೆದ. ಧರ್ಮೋಪದೇಶ, ಜಪದ ಪುಸ್ತಕ, ಸಂತರ ಕತೆ, ಶಿಲುಬೆಯ ಹಾದಿಯ ಚಿತ್ರಗಳು: ಬೈಬಲ್ ಜನರಿಗೆ ಮುಟ್ಟುತ್ತಿದ್ದುದು ಇವುಗಳ ಮೂಲಕ, ಸಭೆ ಒಮ್ಮೆ ಸೋಸಿ ಕೊಟ್ಟ ರೂಪದಲ್ಲಿ. ಪುರಾಣ ಪ್ರವಚನ ಕೇಳಿ ಬೆಳೆದ ಜನಕ್ಕೆ ಇದರಲ್ಲಿ ಏನೂ ಕೊರತೆ ಕಾಣಲಿಲ್ಲ. ತಮಾಷೆಯೆಂದರೆ ಪ್ರೊಟೆಸ್ಟಂಟರಿಗೂ ಕೊನೆಗೆ ಈ ದಾರಿಯ ಬೆಲೆ ತಿಳಿಯಿತು. ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡುವ ಕಾವ್ಯ.

ಒಂದೇ ಮೂಲ, ಹಲವು ಭಾಷ್ಯ ಎಂಬ ಸ್ಥಿತಿ ಕನ್ನಡಿಗರಿಗೆ ಹೊಸದಲ್ಲ. ಶಂಕರ, ರಾಮಾನುಜ, ಮಧ್ವರು ಒಂದೇ ಬ್ರಹ್ಮಸೂತ್ರಕ್ಕೆ ಮೂರು ಬಗೆಯ ಅರ್ಥ ಹೇಳಿದರು. ಯಾವುದು ಸರಿ ಎಂದು ಎಲ್ಲರಿಗೂ ಅನ್ವಯಿಸುವ ತೀರ್ಪು ಕೊಡುವ ಒಂದೇ ಪೀಠ ಇಲ್ಲಿ ಹುಟ್ಟಲಿಲ್ಲ. ಕಥೋಲಿಕ ಧರ್ಮಸಭೆಯ ವಿಶೇಷವೆಂದರೆ ಅಂಥ ಪೀಠ ಇರಲೇಬೇಕು, ಇದ್ದೇ ಇದೆ ಎಂದು ಅದು ನಂಬುವುದು. ಆದರೂ ಆ ಪೀಠ ಇದುವರೆಗೆ ಇಂಥ ವಾಕ್ಯಕ್ಕೆ ಇದೇ ಅರ್ಥ ಎಂದು ಸಿದ್ಧಾಂತವಾಗಿ ಕಟ್ಟಿಹಾಕಿದ್ದು ಬೆರಳೆಣಿಕೆಯಷ್ಟು ಕಡೆ ಮಾತ್ರ. ಯೊವಾನ್ನನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಬರುವ ನೀರು ನಿಜವಾದ ನೀರೇ, ಇಪ್ಪತ್ತನೆಯ ಅಧ್ಯಾಯದಲ್ಲಿ ಪಾಪಗಳನ್ನು ಕ್ಷಮಿಸಲು ಶಿಷ್ಯರಿಗೆ ಕೊಟ್ಟ ಅಧಿಕಾರ ಪಾಪನಿವೇದನೆ ಸಂಸ್ಕಾರದ ಅಧಿಕಾರವೇ ಎಂದು ಟ್ರೆಂಟ್ ಹೇಳಿದ್ದು ಅಂಥವುಗಳಲ್ಲಿ ಎರಡು. ಉಳಿದ ಸಾವಿರಾರು ವಾಕ್ಯಗಳಲ್ಲಿ, ಸಭೆಯ ನಂಬಿಕೆಗೆ ಅಡ್ಡಬರದಂತೆ, ಪಂಡಿತರು ಬೇರೆ ಬೇರೆ ಅರ್ಥ ಹೇಳಬಹುದು, ಹೇಳುತ್ತಾರೆ.

1965ರ ತಿರುವು

ಮೊದಲು ಬಾಗಿಲು ತೆರೆದದ್ದು ಪಂಡಿತರಿಗೆ. ಪೋಪ್ 12ನೇ ಪಿಯುಸ್ 1943ರಲ್ಲಿ, ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದಲೇ ಅಧ್ಯಯನ ನಡೆಯಲಿ, ಬರೆದವನ ಕಾಲ, ಉದ್ದೇಶ, ಸಾಹಿತ್ಯ ಪ್ರಕಾರಗಳನ್ನು ಗಮನಿಸಲಿ ಎಂದು ಅನುಮತಿ ಕೊಟ್ಟರು. ಸಾಮಾನ್ಯ ಓದುಗನ ಸರದಿ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. 1965ರ ನವೆಂಬರ್ 18ರ ದೈವವಾಕ್ಯ ಕುರಿತ ಸಂವಿಧಾನ ಎರಡು ಮಾತನ್ನು ಒಟ್ಟಿಗೆ ಹೇಳಿತು. ವಾಕ್ಯವನ್ನು ಅಧಿಕೃತವಾಗಿ ವಿವರಿಸುವ ಹೊಣೆ ಸಭೆಯ ಬೋಧನಾಧಿಕಾರದ್ದೇ, ಆದರೆ ಆ ಅಧಿಕಾರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ. ಇನ್ನೊಂದು, ಗ್ರಂಥ ಎಲ್ಲ ವಿಶ್ವಾಸಿಗಳಿಗೂ ಧಾರಾಳವಾಗಿ ಸಿಗಬೇಕು. ಅನುಮತಿ ಚೀಟಿ ಕೇಳುತ್ತಿದ್ದ ಸಭೆ ಈಗ ಓದದಿರುವುದನ್ನೇ ಕೊರತೆ ಎಂದು ಕರೆಯಿತು. ನಾಲ್ಕು ನೂರು ವರ್ಷ ಬಾಳಿದ ನಿಷಿದ್ಧ ಗ್ರಂಥಗಳ ಪಟ್ಟಿ 1966ರಲ್ಲಿ ಬಲ ಕಳೆದುಕೊಂಡಿತು. ಹಿಂದಿನ ಮಾತೇ ಮುಂದುವರಿಯಿತು ಎಂದು ವಾದಿಸುವವರಿದ್ದಾರೆ. ತತ್ತ್ವದ ಮಟ್ಟಿಗೆ ಅದನ್ನು ಒಪ್ಪಬಹುದು, ಊರಿನ ವಿಶ್ವಾಸಿಯ ಅನುಭವದ ಮಟ್ಟಿಗೆ ಒಪ್ಪುವುದು ಕಷ್ಟ.

ಭಾರತದಲ್ಲಿ ಈ ತಿರುವಿನ ಕೇಂದ್ರ ಬೆಂಗಳೂರು. ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಗಳ ರಾಷ್ಟ್ರೀಯ ಕೇಂದ್ರವನ್ನು 1967ರಲ್ಲಿ ಅಲ್ಲಿ ಕಟ್ಟಿದವರು ಡಿ. ಎಸ್. ಅಮಲೋರ್ಪವದಾಸ್. ಬಲಿಪೂಜೆಯಲ್ಲಿ ಆರತಿ, ಅಂಜಲಿ, ನೆಲದ ಮೇಲೆ ಕೂರುವುದು ಮೊದಲಾದ ಹನ್ನೆರಡು ಬದಲಾವಣೆಗಳಿಗೆ 1969ರಲ್ಲಿ ರೋಮ್ ಒಪ್ಪಿತು. ಮುಂದಿನ ಹೆಜ್ಜೆಗೆ ಒಪ್ಪಲಿಲ್ಲ. ಹಿಂದೂ ಮತ್ತು ಇತರ ಧರ್ಮಗಳ ಗ್ರಂಥಗಳನ್ನು ಆರಾಧನೆಯಲ್ಲಿ ಓದಬಹುದೇ ಎಂದು 1974ರ ಡಿಸೆಂಬರಿನಲ್ಲಿ ಇದೇ ಕೇಂದ್ರದಲ್ಲಿ ವಿದ್ವಾಂಸರು ಸೇರಿ ಚರ್ಚಿಸಿದರು. 1975ರಲ್ಲಿ, ಅಂಥ ಓದು ನಿಲ್ಲಲಿ ಎಂಬ ಸೂಚನೆ ರೋಮಿನಿಂದ ಬಂತು. ಅರ್ಥ ಹೇಳುವ ಸ್ವಾತಂತ್ರ್ಯದ ಗೆರೆ ಎಲ್ಲಿದೆ ಎಂಬುದು ಆ ಪತ್ರದಿಂದ ಗೊತ್ತಾಯಿತು. ಲ್ಯಾಟಿನ್ ಹೋಗಿ ದೇಶಭಾಷೆ ಬಂದಾಗ ಬೆಂಗಳೂರಿನಲ್ಲಿ ಎದ್ದ ಜಗಳ ಇನ್ನೊಂದು ಬಗೆಯದು. ಪೂಜೆ ಕನ್ನಡದಲ್ಲೋ ತಮಿಳಿನಲ್ಲೋ ಎಂಬುದು ದಶಕಗಳ ಕಾಲ ಬೀದಿಗೂ ಬಂತು. ಬಳ್ಳಾರಿಯಂಥ ಗಡಿಯ ಊರಿನಲ್ಲಿ ಇದೇ ಪ್ರಶ್ನೆಗೆ ತೆಲುಗೂ ಸೇರುತ್ತದೆ.

ಟಿಪ್ಪಣಿಯ ತಕರಾರು ಮಾತ್ರ ಕಾಗದದ ಮೇಲೆ ಬಗೆಹರಿಯಿತು. 1968ರಲ್ಲಿ ರೋಮಿನ ಕ್ರೈಸ್ತೈಕ್ಯ ಕಾರ್ಯಾಲಯವೂ ಬೈಬಲ್ ಸೊಸೈಟಿಗಳ ಒಕ್ಕೂಟವೂ ಒಟ್ಟಾಗಿ ಅನುವಾದ ಮಾಡುವ ನಿಯಮಗಳಿಗೆ ಒಪ್ಪಿಕೊಂಡವು. ಊರು, ನಾಣ್ಯ, ಹಬ್ಬ, ಪದ್ಧತಿಗಳನ್ನು ತಿಳಿಸುವ ಟಿಪ್ಪಣಿ ಇರಲಿ, ಒಂದು ಪಂಥದ ಸಿದ್ಧಾಂತವನ್ನು ಹೇರುವ ಟಿಪ್ಪಣಿ ಬೇಡ ಎಂದು ಎರಡೂ ಪಕ್ಷಗಳು ಅರ್ಧ ದಾರಿ ಬಂದವು. ದ್ಯುಬುವಾ ಅವರ ಕೊಬ್ಬಿದ ಕರುವಿಗೂ ಹೀಗೆ ಪುಟದ ಅಡಿಯಲ್ಲಿ ಜಾಗ ಸಿಕ್ಕಿತು. 1983ರ ಧರ್ಮಸಭಾ ಸಂಹಿತೆಯ 825ನೆಯ ವಿಧಿ ಈಗಲೂ ಕಥೋಲಿಕ ಅನುವಾದಕ್ಕೆ ರೋಮಿನ ಅಥವಾ ಧರ್ಮಾಧ್ಯಕ್ಷರ ಮಂಡಳಿಯ ಒಪ್ಪಿಗೆಯನ್ನೂ ಸಾಕಷ್ಟು ವಿವರಣೆಯನ್ನೂ ಕೇಳುತ್ತದೆ. ಮಂಡಳಿಯ ಅನುಮತಿಯಿದ್ದರೆ ಇತರ ಕ್ರೈಸ್ತರ ಜೊತೆ ಸೇರಿ ಅನುವಾದಿಸಲೂ ಬಹುದು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಭಾರತದ ಬೈಬಲ್ ಸೊಸೈಟಿ, ಅಂದರೆ ಲಂಡನ್ ಸೊಸೈಟಿಯ ವಾರಸುದಾರ ಸಂಸ್ಥೆ, ಕಥೋಲಿಕರ ಹೆಚ್ಚಿನ ಪುಸ್ತಕಗಳನ್ನೂ ಒಳಗೊಂಡ ಸರಳ ಕನ್ನಡದ ಬೈಬಲನ್ನು ಇಂದು ಅಚ್ಚು ಹಾಕುತ್ತದೆ. 1824ರ ಪೋಪರಿಗೂ ಅಂದಿನ ಸೊಸೈಟಿಗೂ ಇದು ನಂಬಲಾಗದ ಸುದ್ದಿ.

ಇಂದಿನ ಹಳ್ಳಿ

ಸಿರುಗುಪ್ಪ, ಕುರುಗೋಡು ಸೀಮೆಯ ಬತ್ತದ ಹಳ್ಳಿಗಳಲ್ಲಿ ಕ್ರೈಸ್ತರ ಸಂಖ್ಯೆ ಚಿಕ್ಕದು. ಈಗ ರೋಮ್ ಮತ್ತು ಲೂಥರರ ಹಳೆಯ ಜಗಳ ಯಾರಿಗೂ ನೆನಪಿಲ್ಲ. ಅದರ ಬದಲು ಫೋನಿನಲ್ಲಿ ಬೈಬಲ್ ಇದೆ, ಯೂಟ್ಯೂಬಿನಲ್ಲಿ ಕನ್ನಡ, ತೆಲುಗು ಪ್ರಸಂಗಿಗಳಿದ್ದಾರೆ, ಸ್ವತಂತ್ರ ಪ್ರಾರ್ಥನಾ ಕೂಟಗಳಿವೆ. ಒಬ್ಬನೇ ಪಾಸ್ಟರ್ ಒಂದು ವಾಕ್ಯ ಹಿಡಿದು, ಇದೇ ಅರ್ಥ, ಬೇರೆಯದು ಸೈತಾನನದು ಎನ್ನುವ ಕೂಟದಲ್ಲಿ ಕೂತವನಿಗೆ ಸ್ವಂತ ಓದು ಉಳಿದಿರುತ್ತದೆಯೆ ಎಂದು ಕೇಳಬೇಕಾಗುತ್ತದೆ. ಅಕ್ಷರವನ್ನೇ ಹಿಡಿದು ಕೂರುವ ಇಂಥ ಓದನ್ನು ರೋಮಿನ ಬೈಬಲ್ ಆಯೋಗ 1993ರ ದಾಖಲೆಯಲ್ಲಿ ಕಟುವಾಗಿ ಟೀಕಿಸಿದೆ. ಕಥೋಲಿಕರೊಳಗಿನ ಪವಿತ್ರಾತ್ಮ ನವೀಕರಣದ ಕೂಟಗಳಲ್ಲೂ ವಾಕ್ಯ ನನಗೆ ನೇರ ಮಾತಾಡಿತು ಎಂಬ ಸಾಕ್ಷಿ ಸಾಮಾನ್ಯ. ಧರ್ಮಾಧ್ಯಕ್ಷರು ಅದನ್ನು ತಡೆಯುವುದಿಲ್ಲ, ಕೂಟಕ್ಕೊಬ್ಬ ಗುರುವನ್ನು ಮಾರ್ಗದರ್ಶಿಯಾಗಿ ನೇಮಿಸುತ್ತಾರೆ.

ಬಲಿಪೂಜೆಯ ಪ್ರಬೋಧನೆ ಗುರುವಿಗೂ ಉಪಯಾಜಕನಿಗೂ ಮೀಸಲು ಎಂದು ಸಂಹಿತೆಯ 767ನೆಯ ವಿಧಿ ಹೇಳುತ್ತದೆ. ಗುರುಗಳು ಪ್ರತಿ ಭಾನುವಾರ ಬರಲಾಗದ ಊರಿನಲ್ಲಿ ಬಲಿಪೂಜೆಯಿಲ್ಲ, ವಾಕ್ಯದ ಆರಾಧನೆ ಮಾತ್ರ. ಅದನ್ನು ನಡೆಸುವುದು ಗೃಹಸ್ಥನೇ ಆದ ಉಪದೇಶಿ. ಸಂಹಿತೆಯಲ್ಲಿ ಅದರ ಹಿಂದಿನ ವಿಧಿ, 766, ಗೃಹಸ್ಥರೂ ಅಗತ್ಯವಿದ್ದಲ್ಲಿ ದೇವಾಲಯದಲ್ಲಿ ಬೋಧಿಸಬಹುದು ಎನ್ನುತ್ತದೆ. ಆ ವಿಧಿಯ ಬಲದ ಮೇಲೆ ಆತ ಅಂದಿನ ಪಾಠ ಓದಿ ನಾಲ್ಕು ಮಾತು ಆಡುತ್ತಾನೆ: ಯಾವ ವಾಕ್ಯಕ್ಕೆ ನಮ್ಮ ಊರಿನ ಯಾವ ಸಂಗತಿ, ಸಾಲವೋ ಮಳೆಯೋ ಅಣ್ಣತಮ್ಮಂದಿರ ಹೊಲದ ವ್ಯಾಜ್ಯವೋ, ಎಂಬುದನ್ನು ಆರಿಸುವವನು ಅವನೇ. ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ವಾಚಕಸೇವೆಯನ್ನು ಹೆಂಗಸರಿಗೂ ತೆರೆದರು, ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನು ಧರ್ಮಸಭೆಯ ವಿಧಿವತ್ತಾದ ಸೇವೆಯಾಗಿ 'ಪ್ರಾಚೀನ ಸೇವೆ' ಎಂಬ ಪತ್ರದಲ್ಲಿ ಸ್ಥಾಪಿಸಿದರು. ಉಪದೇಶಿಯನ್ನು ನೇಮಿಸುವ, ಬೇಕಾದರೆ ಬಿಡಿಸುವ ಅಧಿಕಾರ ಧರ್ಮಾಧ್ಯಕ್ಷರಲ್ಲೇ ಉಳಿದಿದೆ.